ಅಕ್ಕನ ಸಿಮ್ಮಿಗೆ ನೆಟ್‌ವರ್ಕ್ ಇಲ್ಲ

ನಮ್ಮ ಫೋನಿನ ನೆತ್ತಿಯ ಮೇಲೆ ಎರಡು ಏಣಿಗಳಿವೆ. ನೆಟ್‌ವರ್ಕ್ ಎಷ್ಟಿದೆ ಎಂದು ತೋರಿಸುವ ಕಡ್ಡಿಗಳನ್ನು ನಾನು ಏಣಿ ಎನ್ನುತ್ತೇನೆ. ಎಡಗಡೆಯ ಏಣಿ ಅಕ್ಕನ ಸಿಮ್ಮಿನದು, ಬಲಗಡೆಯದು ನನ್ನದು. ಆಯುಧ ಪೂಜೆಯ ಮರುದಿನ ಬೆಳಿಗ್ಗೆ ಹಾಲು ಒಲೆಗಿಟ್ಟು ಫೋನು ನೋಡಿದರೆ ಎಡಗಡೆಯ ಏಣಿ ಇರಲಿಲ್ಲ. ಅದಿದ್ದ ಜಾಗದಲ್ಲಿ, ಲೆಕ್ಕ ತಪ್ಪಿದಾಗ ಶಾಲೆಯಲ್ಲಿ ಮೇಷ್ಟ್ರು ಹಾಕುತ್ತಿದ್ದಂಥ ಸಣ್ಣ ಇಂಟು ಗುರುತು ಕೂತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಹಾಲು ಉಕ್ಕಿ ಒಲೆ ಆರಿತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ಕಂಪ್ಲಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಅಣ್ಣತಮ್ಮಂದಿರಿಬ್ಬರೂ ಗಿರಣಿಯಲ್ಲಿ, ನಾವಿಬ್ಬರೂ ಹಿಂದಿನ ಮನೆಯಲ್ಲಿ, ಒಂದೇ ಒಲೆ. ನಾನು ಮದುವೆಯಾಗಿ ಬಂದ ದಿನದಿಂದ ಅವಳು ನನ್ನನ್ನು ಹೆಸರಿಟ್ಟು ಕರೆದವಳಲ್ಲ. 'ಸಣ್ಣಕಿ' ಎನ್ನುತ್ತಿದ್ದಳು. ಈ ಬೇಸಿಗೆಯಲ್ಲಿ, ಮೆಣಸಿನಕಾಯಿ ಬಿಡಿಸುತ್ತಾ ಕೂತವಳು ಎದೆ ಒತ್ತಿಕೊಂಡು ಗೋಡೆಗೆ ಒರಗಿದಳು. ಆಸ್ಪತ್ರೆ ಮುಟ್ಟುವಷ್ಟು ಹೊತ್ತು ಕೊಡಲಿಲ್ಲ.

ಫೋನು ಅವಳದೇ. ಒತ್ತುವ ಗುಂಡಿಗಳ ಸಾದಾ ಫೋನು. ನನ್ನದು ಗಿರಣಿಯ ಧೂಳು ಕುಡಿದು ಕೆಟ್ಟಾಗ ಹೊಸದು ಬ್ಯಾಡ ಎಂದವಳು ಅವಳು.

"ಇದರಾಗ ಎಲ್ಡು ಮನಿ ಅದಾವಲೇ ಸಣ್ಣಕಿ. ಒಂದರಾಗ ನಾನದೀನಿ, ಇನ್ನೊಂದು ಖಾಲಿ ಬಿದ್ದೈತಿ. ಬಂದು ಕುಂದ್ರು" ಎಂದಳು.

ನಾನು ಹೋಗಿ ಕೂತೆ. ಅವಳ ನಂಬರಿಗೆ ಗಂಟೆಯ ಸದ್ದು, ನನ್ನದಕ್ಕೆ ಜೀರುಂಡೆಯ ಸದ್ದು ಇಟ್ಟೆವು. ಫೋನು ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಕೈ ಹಿಟ್ಟಾಗಿದ್ದಾಗಲೂ ಯಾರು ಏಳಬೇಕು ಎಂಬ ಗೊಂದಲವಿಲ್ಲ. ಜೀರುಂಡೆ ಕೂಗಿದರೆ ಅಕ್ಕ, "ನಿನ್ನ ಹುಳ ಅಳಾಕ ಹತ್ತೈತಿ ನೋಡು" ಎನ್ನುತ್ತಿದ್ದಳು.

ಒಂದು ಸಿಮ್ಮು ಸುಮ್ಮನಾದರೆ ಏನಾಯಿತು, ಇನ್ನೊಂದು ನಡೆಯುತ್ತಿದೆಯಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯವರೂ ಅದನ್ನೇ ಕೇಳಿದರು. ಅವರಿಗೆ ಉತ್ತರ ಕೊಡಲಿಲ್ಲ. ನಿಮಗೆ ಹೇಳುತ್ತೇನೆ.

ಮನುಷ್ಯ ಹೋದರೂ ಅವರ ನಂಬರಿಗೆ ಕರೆ ಬರುವುದು ನಿಲ್ಲುವುದಿಲ್ಲ. ಮೊದಮೊದಲು ಆ ಗಂಟೆ ಬಾರಿಸಿದರೆ ಏಳಲು ನನಗೆ ಮನಸ್ಸಾಗುತ್ತಿರಲಿಲ್ಲ. ಎತ್ತಿ, ಅಕ್ಕ ಇಲ್ಲ ಎಂದು ಹೇಳಿ, ಆ ಕಡೆಯವರು ಅಯ್ಯೋ ಎನ್ನುವುದನ್ನು ಕೇಳಿ, ಮತ್ತೆ ಒಲೆಯ ಮುಂದೆ ಕೂರಬೇಕು. ಆದರೆ ಬರಬರುತ್ತಾ ಒಂದು ವಿಚಿತ್ರ ಕಂಡಿತು. ಕರೆ ಮಾಡಿದವರು ಅಯ್ಯೋ ಎಂದು ಸುಮ್ಮನಾಗುತ್ತಿರಲಿಲ್ಲ, ಏನಾದರೊಂದು ಹೇಳಿ ಇಡುತ್ತಿದ್ದರು. ಸಂಡೂರಿನ ಅಂಗಡಿಯವರೊಬ್ಬರು, ಅಕ್ಕ ಕೇಳಿದ್ದ ಗಿಣಿ ಹಸಿರು ದಾರ ಬಂದಿದೆ, ಏನು ಮಾಡಲಿ ಎಂದರು. ಅಕ್ಕ ಸೂಜಿ ಹಿಡಿದಿದ್ದನ್ನು ನಾನು ನೋಡಿದ್ದು ಗುಂಡಿ ಹಚ್ಚುವಾಗ ಮಾತ್ರ. ಬಂಡ್ರಿಯ ಚಿಗವ್ವನದು ಇನ್ನೂ ಚೆಂದ. ಚಿಗವ್ವ ಎಂದರೆ ಅಕ್ಕನ ತಾಯಿಯ ತಂಗಿ, ಕಣ್ಣು ಮಂಜಾಗಿವೆ. ಸಾವಿಗೆ ಬಂದು ಅತ್ತು ಹೋದವಳು ಹದಿನೈದು ದಿನಕ್ಕೇ ಫೋನು ಮಾಡಿ, ಆ ಹುಡುಗಿಯ ಮದುವೆ ನಿಂತಿತೋ ಆಯಿತೋ ಎಂದು ಕೇಳಿದಳು. ಯಾವ ಹುಡುಗಿ ಎಂದರೆ, ಅಕ್ಕ ಟಿ.ವಿ. ಧಾರಾವಾಹಿ ನೋಡಿ ಮಾರನೆಯ ದಿನ ಚಿಗವ್ವನಿಗೆ ಫೋನಿನಲ್ಲಿ ಇಡೀ ಕಥೆ ಹೇಳುತ್ತಿದ್ದಳಂತೆ. ನನಗೆ ಧಾರಾವಾಹಿ ಎಂದರೆ ಆಗದು. ಎಲ್ಲ ಅತ್ತೆಯರೂ ಒಂದೇ ಥರ ಕಾಣುತ್ತಾರೆ. ಆದರೂ ಈಗ ಸಂಜೆ ಕೂತು ನೋಡುತ್ತೇನೆ, ತಪ್ಪು ಹೇಳುತ್ತೇನೆ. ಚಿಗವ್ವ, "ಆಕಿ ಹೇಳಿದ್ರ ಕಣ್ಣಿಗೆ ಕಟ್ಟಿದಂಗ ಇರ್ತಿತ್ತವಾ. ನೀನು ಹೇಳಿದ್ರ ಯಾರು ಸತ್ರು ಯಾರು ಬದುಕಿದ್ರು ತಿಳಿವಲ್ದು" ಎಂದು ಬೈಯುತ್ತಾಳೆ.

ಒಂದೇ ಒಲೆಯ ಮುಂದೆ ಇಷ್ಟು ವರ್ಷ ಕೂತವಳ ಬಗ್ಗೆ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ. ಗೊತ್ತಿಲ್ಲದ್ದು ಗಂಟೆ ಬಾರಿಸಿಕೊಂಡು ಬರತೊಡಗಿತು. ಅಕ್ಕ ಹೋದ ಮೇಲೆ ಮನೆಯಲ್ಲಿ ಎಲ್ಲವೂ ಹಳೆಯದಾಗುತ್ತಿತ್ತು, ಅವಳ ಸೀರೆ, ಅವಳ ಉಪ್ಪಿನಕಾಯಿ, ಅವಳ ಮಾತು. ಅವಳ ಹೊಸ ಸುದ್ದಿ ಬರುತ್ತಿದ್ದುದು ಆ ಒಂದನೇ ಸಿಮ್ಮಿನಿಂದ ಮಾತ್ರ.

ಆಯುಧ ಪೂಜೆಗೆ ಎರಡು ಮೂರು ದಿನ ಇರುವಾಗ ಒಂದು ಮಧ್ಯಾಹ್ನ ಗಂಟೆ ಬಾರಿಸಿತು. ಹಿಂದೆ ಬಸ್ಸಿನ ಗಡಗಡ.

"ಅಕ್ಕಾರ, ನಾನ್ರಿ ಹುಲಿಗೆಮ್ಮ. ನನ್ನ ಫೋನು ಕಾಲಿವಿ ನೀರಾಗ ಬಿತ್ರಿ. ಎಲ್ಲಾ ನಂಬರ್ ಹೋದ್ವು. ನಿಮ್ಮದೊಂದು ಬಾಯಾಗ ಇತ್ತು" ಎಂದಿತು ಒಂದು ಹೆಣ್ಣು ದನಿ.

ಅಕ್ಕ ಇಲ್ಲ ಎಂದು ಹೇಳಿದೆ. ಯಾವಾಗ ಎಂದು ಕೇಳಿದಳು. ಹೇಳಿದೆ. "ಅದಕ್ಕ ಬರಲಿಲ್ಲೇನು" ಎಂದು ತನಗೇ ಹೇಳಿಕೊಂಡಳು.

ಎಲ್ಲಿಗೆ ಎಂದೆ.

"ಗಾಡಿ ಕಲಿಯಾಕ್ರಿ. ಸ್ಕೂಟರು."

ನಾನು ನಂಬರು ತಪ್ಪಿರಬೇಕು ಎಂದುಕೊಂಡೆ. ಅವಳು ಹೇಳುತ್ತಾ ಹೋದಳು. ಹುಲಿಗೆಮ್ಮ ಆಗ ಹೊಸಪೇಟೆಯ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನ ಹಿಂದೆ ಇದ್ದಳು. ರೊಟ್ಟಿ ಮಾಡಿ ಸ್ಕೂಟರಿನ ಮೇಲೆ ಮನೆಮನೆಗೆ ಕೊಡುವ ಕೆಲಸ. ಅಕ್ಕನ ಪರಿಚಯ ಆದದ್ದು ಬಸ್ಸಿನಲ್ಲಿ. ಅಕ್ಕ ಮೊಣಕಾಲಿನ ಔಷಧಿಗೆ ಎಂದು ತಿಂಗಳಿಗೊಮ್ಮೆ ಹೊಸಪೇಟೆಗೆ ಹೋಗುತ್ತಿದ್ದಳಲ್ಲ, ಆಗ ಡ್ಯಾಮಿನ ಬಸ್ಸು ಹತ್ತಿ, ಕ್ವಾರ್ಟರ್ಸಿನ ಖಾಲಿ ರಸ್ತೆಯಲ್ಲಿ ಇವಳಿಂದ ಗಾಡಿ ಕಲಿತು ಬರುತ್ತಿದ್ದಳಂತೆ.

ನನಗೆ ಅಕ್ಕ ಗಾಡಿಯ ಮೇಲೆ ಕೂರುವ ರೀತಿ ಕಣ್ಣ ಮುಂದೆ ಬಂತು. ಭಾವನವರು, ಎಂದರೆ ಅಕ್ಕನ ಗಂಡ, ಗಾಡಿ ತೆಗೆದರೆ ಇವಳು ಹಿಂದೆ ಅಡ್ಡ ಕೂತು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅವರ ಅಂಗಿ ಹಿಡಿದು, ಬೀದಿ ತಿರುಗುವ ತನಕ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ಕಣ್ಣು ಮುಚ್ಚಿದರೆ ಗಾಡಿ ಬೀಳುವುದಿಲ್ಲವೇ ಎಂದು ನಾನು ಹಂಗಿಸಿದರೆ, ಬಿದ್ದರೆ ಕಾಣಬಾರದಲ್ಲ ಎನ್ನುತ್ತಿದ್ದಳು. ಮೊಣಕಾಲು ತೋರಿಸಲು ಹೋದವಳು ಒಂದು ಸಲ ಮೊಣಕಾಲು ಕೆತ್ತಿಸಿಕೊಂಡು ಬಂದಿದ್ದಳು. ಬಸ್ಸಿನ ಮೆಟ್ಟಿಲು ಎಂದಿದ್ದಳು. ಅರಿಶಿನ ಹಚ್ಚಿದವಳು ನಾನೇ.

ನನಗೆ ಕೇಳಬೇಕಾದದ್ದು ಒಂದೇ ಆಗಿತ್ತು. "ಕಲಿತ್ಲಾ?" ಎಂದೆ.

"ಅದು ಹೇಳ್ಬೇಕಂದ್ರ ಭಾಳ ಐತ್ರಿ. ಕುರೆಕುಪ್ಪ ಬಂತು, ನಾನೀಗ ಇಲ್ಲೇ ಇರೋದು. ಫೋನು ಬಾಜು ಕುಂತವರ್ದು. ಮತ್ತ ಮಾಡ್ತೀನ್ರಿ."

ಅಷ್ಟೇ. ನನ್ನ ಸಿಮ್ಮಿನಿಂದ ಆ ನಂಬರಿಗೆ ತಿರುಗಿ ಮಾಡಿದರೆ ಒಬ್ಬ ಗಂಡಸು ಎತ್ತಿ, ಆ ಅಮ್ಮ ಇಳಿದು ಹೋದರು, ನಾನು ಸಂಡೂರಿಗೆ ಹೋಗುವವನು ಎಂದ. ಕುರೆಕುಪ್ಪಕ್ಕೇ ಹೋಗಿ ಹುಡುಕಬಹುದಿತ್ತು. ಆದರೆ ನಮ್ಮ ಕಡೆ ಬೀದಿಯಲ್ಲಿ ನಿಂತು ಹುಲಿಗೆಮ್ಮ ಎಂದು ಕೂಗಿದರೆ ಹತ್ತು ಬಾಗಿಲು ತೆರೆಯುತ್ತವೆ. ಅದೂ ಅಲ್ಲದೆ ಯಾಕೆ ಹೋಗುತ್ತೀ ಎಂದು ಮನೆಯಲ್ಲಿ ಕೇಳಿದರೆ ಏನು ಹೇಳಲಿ? ಅಕ್ಕ ಮುಚ್ಚಿಟ್ಟದ್ದನ್ನು ನಾನು ತೆರೆಯುವುದೇ? ಅದರಲ್ಲೂ ಭಾವನವರ ಮುಂದೆ? ಅವರ ಜೊತೆ ನಾನು ನೇರ ಮಾತಾಡಿದ್ದೇ ಕಡಿಮೆ. ನನ್ನ ಮಾತು ಅಕ್ಕನ ಕೈಯಲ್ಲಿ ಹೋಗಿ, ಅವರ ಮಾತು ಅಕ್ಕನ ಕೈಯಲ್ಲಿ ಬರುತ್ತಿತ್ತು. ಅವಳು ಹೋದ ಮೇಲೆ ಅವರು ಗಿರಣಿಯ ಯಂತ್ರದ ಜೊತೆ ಬಿಟ್ಟರೆ ಯಾರ ಜೊತೆಯೂ ಹೆಚ್ಚು ಮಾತಾಡಿದ್ದಿಲ್ಲ.

ಹೀಗಾಗಿ ಹುಲಿಗೆಮ್ಮನಿಗೆ ನಾನು ಸಿಗಬಹುದಾದ ದಾರಿ ಒಂದೇ, ಅವಳ ಬಾಯಲ್ಲಿದ್ದ ಆ ನಂಬರು. ಅಂಥ ಹೊತ್ತಿಗೆ ಇಂಟು ಬಂದು ಕೂತಿತ್ತು.

ನಮ್ಮ ಮನೆಯವರ ಹತ್ತಿರ ಎಲ್ಲ ಯಂತ್ರಗಳಿಗೂ ಒಂದೇ ಔಷಧ. ಆಫ್ ಮಾಡು, ಆನ್ ಮಾಡು. ಮಾಡಿದೆ. ಫೋನು ಕಣ್ಣು ಮುಚ್ಚಿ ಕಣ್ಣು ಬಿಟ್ಟು ಹಾಡು ಹೇಳಿ ನನ್ನ ಏಣಿಯನ್ನು ನಿಲ್ಲಿಸಿತು, ಅಕ್ಕನದನ್ನು ನಿಲ್ಲಿಸಲಿಲ್ಲ. ಮಹಡಿಗೆ ಒಯ್ದೆ. ಒಣಹಾಕಿದ ಮೆಣಸಿನಕಾಯಿಯ ನಡುವೆ ಹೆಜ್ಜೆ ಇಡುತ್ತಾ ಮೂಡಣಕ್ಕೆ ಹಿಡಿದೆ, ಪಡುವಣಕ್ಕೆ ಹಿಡಿದೆ. ಜ್ವರದ ಕೂಸನ್ನು ಎತ್ತಿಕೊಂಡು ತಿರುಗಿದ ಹಾಗೆ ಹೊಳೆಯ ಸೇತುವೆಯ ತನಕ ಹೋಗಿ ಬಂದೆ. ಪಕ್ಕದ ಮನೆಯ ಸೀತಮ್ಮ ಆಂಧ್ರದ ಕಡೆಯವರು. ಫೋನಿನ ಕಾಯಿಲೆ ಏನೇ ಇರಲಿ, ಅಕ್ಕಿಯಲ್ಲಿ ಹೂತಿಡಬೇಕು ಎನ್ನುವುದು ಅವರ ಖಚಿತ ಅಭಿಪ್ರಾಯ. ಅಕ್ಕಿ ಡಬ್ಬಿಯಲ್ಲಿ ಹೂತೆ. ಸಂಜೆ ಅನ್ನಕ್ಕೆ ಅಕ್ಕಿ ತೆಗೆಯುವಾಗ ಡಬ್ಬಿಯೊಳಗಿಂದ ಜೀರುಂಡೆ ಕೂಗಿ ನಾನು ಅಳತೆಯ ಲೋಟ ಬಿಟ್ಟುಬಿಟ್ಟೆ.

ಸಣ್ಣವಳಿದ್ದಾಗಿನ ಒಂದು ಮಾತು ನೆನಪಾಗುತ್ತಿದೆ. ನನ್ನ ತವರು ಹಂಪಿಯ ಹತ್ತಿರ, ಹೊಳೆಯ ದಂಡೆ. ಅಜ್ಜಿಯ ತಂಗಿ ಆಚೆ ದಂಡೆಯಲ್ಲಿದ್ದಳು. ದಾಟಬೇಕಾದರೆ ಹರಿಗೋಲಿನವನನ್ನು ಕೂಗಿ ಕರೆಯಬೇಕು. ಅವನು ಆಚೆ ಬಂಡೆಯ ನೆರಳಲ್ಲಿ ಬೀಡಿ ಸೇದುತ್ತಾ ಮಲಗಿರುತ್ತಿದ್ದ. ಒಂದು ದಿನ ನಾನೇ ಕರೆಯುತ್ತೇನೆ ಎಂದು ಓಡಿಹೋಗಿ ಎಲ್ಲಕ್ಕಿಂತ ದೊಡ್ಡ ಬಂಡೆಗುಂಡನ್ನು ಹತ್ತಿ ಗಂಟಲು ಹರಿಯುವಂತೆ ಕೂಗಿದೆ. ಅವನು ಮಗ್ಗುಲು ಕೂಡ ಬದಲಿಸಲಿಲ್ಲ. ಅಜ್ಜಿ ನಿಧಾನವಾಗಿ ಬಂದು ನನ್ನ ರಟ್ಟೆ ಹಿಡಿದು ಕೆಳಗಿಳಿಸಿ, ನೀರಿನ ಪಕ್ಕದ ಒಂದು ಮೋಟು ಗುಂಡಿನ ಮೇಲೆ ನಿಲ್ಲಿಸಿದಳು. ಅಲ್ಲಿಂದ ಅವಳು ಮಾತಾಡಿದಷ್ಟೇ ದನಿಯಲ್ಲಿ ಓ ಎಂದರೆ ಅವನು ಎದ್ದು ಕೂತ. ದೊಡ್ಡ ಗುಂಡು ದನಿ ನುಂಗುತ್ತದೆ, ಸಣ್ಣ ಗುಂಡು ನೀರ ಮೇಲೆ ಬಿಡುತ್ತದೆ ಎಂದಳು. ಯಾಕೆ ಎಂದು ನನಗೆ ತಿಳಿಯಬೇಕಿತ್ತು. ನಾನು ಆ ಬೇಸಿಗೆಯೆಲ್ಲ ಒಂದೊಂದು ಗುಂಡಿನ ಮೇಲೂ ನಿಂತು ಕೂಗಿ ನೋಡಿದೆ. ಹರಿಗೋಲಿನವನು ಎಷ್ಟೋ ಸಲ ಸುಮ್ಮನೆ ಈಚೆ ಬಂದು ನನಗೆ ಬೈದು ಹೋದ.

ಅದೇ ಚಟ ಈಗ ಫೋನಿನ ಮೇಲೆ ತಿರುಗಿತು. ಅದರ ಒಳಗಿನ ಪಟ್ಟಿಗಳನ್ನೆಲ್ಲ ತೆರೆದು ನೋಡತೊಡಗಿದೆ. ಹತ್ತನೇ ಇಯತ್ತೆ ಓದಿದವಳು, ಕನ್ನಡ ಕಂಡಲ್ಲಿ ಓದುತ್ತೇನೆ, ಇಂಗ್ಲಿಷು ಕಂಡಲ್ಲಿ ಧೈರ್ಯ ಮಾಡುತ್ತೇನೆ. ವಿಮಾನದ ಚಿತ್ರ ಇದ್ದ ಕಡೆ ಒತ್ತಿದರೆ ನನ್ನ ಏಣಿಯೂ ಮಾಯವಾಯಿತು. ಅಡುಗೆ ಮನೆಯಲ್ಲಿ ಕೂತವಳಿಗೆ ವಿಮಾನ ಯಾಕೆ ಎಂದು ಗಾಬರಿಯಲ್ಲಿ ಮತ್ತೆ ಒತ್ತಿದೆ, ಬಂತು. ಇನ್ನೊಂದು ಕಡೆ ನೆಟ್‌ವರ್ಕ್ ನೀವೇ ಹುಡುಕಿಕೊಳ್ಳಿ ಎಂದಿತ್ತು. ಹುಡುಕು ಎಂದೆ. ಅದು ಬಹಳ ಹೊತ್ತು ಗಿರಗಿರ ತಿರುಗಿ ಕಂಪನಿಗಳ ಹೆಸರುಗಳನ್ನು ಸಾಲಾಗಿ ಕೊಟ್ಟಿತು. ನಮ್ಮ ಒಲೆಯ ಮುಂದಿನ ಗಾಳಿಯಲ್ಲಿ ಇಷ್ಟೊಂದು ಕಂಪನಿಗಳು ಓಡಾಡಿಕೊಂಡಿವೆ ಎಂದು ಗೊತ್ತಾಗಿ, ನಗಬೇಡಿ, ಸೆರಗು ಸರಿಮಾಡಿಕೊಂಡೆ. ಅಕ್ಕನ ಕಂಪನಿಯ ಹೆಸರೂ ಇತ್ತು. ಅದನ್ನೇ ಆರಿಸಿದರೆ, ಆಗುವುದಿಲ್ಲ ಎಂದಿತು. ನನ್ನ ಸಿಮ್ಮು ಬೇರೆ ಕಂಪನಿಯದು. ಒಂದೇ ಮನೆಯೊಳಗೆ ಕೂತು ಇಬ್ಬರ ಮಾತು ಬೇರೆ ಬೇರೆ ಟವರಿಗೆ ಹೋಗುತ್ತಿತ್ತು ಎಂಬುದೂ ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಕೊನೆಗೆ ನನ್ನ ಸಿಮ್ಮಿನಿಂದ ಅಕ್ಕನ ಕಂಪನಿಯ ಸಹಾಯವಾಣಿಗೆ ಮಾಡಿದೆ. ಯಂತ್ರದ ಹೆಂಗಸು ಅದನ್ನು ಒತ್ತು ಇದನ್ನು ಒತ್ತು ಎಂದು ಬಹಳ ತಿರುಗಿಸಿ, ಕೊನೆಗೊಬ್ಬ ನಿಜವಾದ ಹುಡುಗಿಯ ಕೈಗೆ ಕೊಟ್ಟಳು. ಬೆಂಗಳೂರಿನ ಕಡೆಯ ಕನ್ನಡ. ಅಕ್ಕನ ನಂಬರು ಹೇಳಿದೆ. ಅವಳು ಅಕ್ಕನ ಪೂರ್ತಿ ಹೆಸರು ಹೇಳಿ, "ಅವರೇ ಮಾತಾಡ್ತಿರೋದಾ ಮೇಡಂ?" ಎಂದಳು.

ಸಾವಿನ ಮನೆಯಲ್ಲಿ ಆ ಹೆಸರನ್ನು ಪೂರ್ತಿ ಯಾರೂ ಅಂದಿರಲಿಲ್ಲ. ನಾನು, "ಹೌದ್ರಿ" ಎಂದೆ. ಅಂದ ಮೇಲೆ ಯಾಕೋ ಬೆನ್ನು ನೆಟ್ಟಗೆ ಮಾಡಿ ಕೂತೆ, ಅಕ್ಕ ಕೂರುತ್ತಿದ್ದ ಹಾಗೆ.

ಹುಟ್ಟಿದ ತಾರೀಕು ಕೇಳಿದಳು. ಡ್ಯಾಂ ತುಂಬಿ ಎಲ್ಲ ಬಾಗಿಲು ತೆಗೆದ ವರ್ಷ ಹುಟ್ಟಿದ್ದು ಎಂದು ಅಕ್ಕ ಹೇಳುತ್ತಿದ್ದಳು. ಅದನ್ನೇ ಹೇಳಿದೆ. ಹುಡುಗಿ ನಗು ತಡೆದುಕೊಂಡದ್ದು ಕೇಳಿಸಿತು. ಒಳ್ಳೆಯವಳು, ಹೋಗಲಿ ಬಿಡಿ ಎಂದಳು. ನಂಬರು ಸರಿಯಾಗಿದೆ, ರೀಚಾರ್ಜೂ ಇದೆ, ನಿಮ್ಮ ಊರಿನ ಟವರೂ ಸರಿಯಾಗಿದೆ ಎಂದು ಒಂದೊಂದಾಗಿ ನೋಡಿ ಹೇಳಿದಳು. ಹಾಗಾದರೆ ಟವರಿಗೆ ನಾನು ಇಲ್ಲಿರುವುದು ಹೇಗೆ ಗೊತ್ತಾಗುತ್ತದೆ, ಗಂಗಾವತಿಗೆ ಹೋದರೂ ಹೇಗೆ ಹುಡುಕುತ್ತದೆ ಎಂದು ಇದೇ ಸಮಯ ಎಂದುಕೊಂಡು ಕೇಳಿಬಿಟ್ಟೆ.

"ಟವರ್ ಹುಡುಕಲ್ಲ ಮೇಡಂ. ನಿಮ್ಮ ಸಿಮ್ಮೇ ಆಗಾಗ ಟವರಿಗೆ ನಾನಿಲ್ಲಿದ್ದೀನಿ ಅಂತ ಹೇಳ್ತಾ ಇರುತ್ತೆ. ನಿಮ್ದು ಈಗ ಹೇಳ್ತಾ ಇಲ್ಲ. ಒಂದ್ಸಲ ತೆಗೆದು ಒರೆಸಿ ಹಾಕಿ ನೋಡಿ" ಎಂದಳು.

ಫೋನು ಇಟ್ಟ ಮೇಲೆ ನನಗೆ ಆ ಮಾತೇ ತಲೆಯಲ್ಲಿ. ಬೇಸಿಗೆಯಿಂದ ಇಲ್ಲಿಯ ತನಕ, ನಾವೆಲ್ಲ ಅಕ್ಕ ಇಲ್ಲ ಎಂದು ಹೇಳಿಕೊಳ್ಳುತ್ತಾ ತಿರುಗುವಾಗ, ಗೂಡಿನಲ್ಲಿ ಕೂತ ಅವಳ ಸಿಮ್ಮು ಯಾರಿಗೂ ಕೇಳದ ಹಾಗೆ, ಇಲ್ಲಿದ್ದೇನೆ ಇಲ್ಲಿದ್ದೇನೆ ಎನ್ನುತ್ತಿತ್ತು.

ಸಿಮ್ಮು ತೆಗೆಯಲು ನನಗೆ ಮನಸ್ಸಿರಲಿಲ್ಲ. ಅದನ್ನು ಅಲ್ಲಿ ಕೂರಿಸಿದವಳು ಅಕ್ಕ. ಅವಳ ಕೈ ಮುಟ್ಟಿ ಇಟ್ಟದ್ದು ಹಾಗೇ ಇರಲಿ ಎಂದು ಇಷ್ಟು ದಿನ ಉಳಿದೆಲ್ಲ ಮಾಡಿದ್ದೆ, ಅದೊಂದನ್ನು ಬಿಟ್ಟು. ಈಗ ಬೇರೆ ದಾರಿಯಿಲ್ಲ. ಉಗುರು ಹಾಕಿ ಹಿಂದಿನ ಮುಚ್ಚಳ ತೆಗೆದೆ, ಬ್ಯಾಟರಿ ಎಬ್ಬಿಸಿದೆ. ನೋಡಿದರೆ ಅಕ್ಕನ ಸಿಮ್ಮು ಕೂತ ಜಾಗದಲ್ಲಿ ಬೆಳ್ಳಗೆ, ಸುಣ್ಣ ಬಳಿದಂತೆ ಗಟ್ಟಿಯಾಗಿತ್ತು. ಬೆರಳಿಗೆ ತಾಗಿಸಿ ಮೂಸಿದೆ. ಈಬತ್ತಿ, ಹಣೆಗೆ ಹಚ್ಚುವ ವಿಭೂತಿ.

ಇದು ಹೇಗಾಯಿತು ಎಂದು ಹೇಳಬೇಕಾದರೆ ಅಕ್ಕನ ಪೂಜೆಯ ರೀತಿ ಹೇಳಬೇಕು. ಆಯುಧ ಪೂಜೆಯ ದಿನ ಎಲ್ಲರೂ ಯಂತ್ರದ ಮೇಲಿನ ತಗಡಿಗೆ ಮೂರು ಬೆರಳು ಈಬತ್ತಿ ಎಳೆದು ಮುಗಿಸುತ್ತಾರೆ. ಅಕ್ಕ ಒಪ್ಪುತ್ತಿರಲಿಲ್ಲ. ಗಿರಣಿಯ ತಗಡು ಬಿಚ್ಚಿಸಿ, ಒಳಗಿನ ಕಲ್ಲಿಗೇ ಹಚ್ಚುತ್ತಿದ್ದಳು. ನೀರಲ್ಲಿ ಕಲಸಿದ ಈಬತ್ತಿ, ತೆಳ್ಳಗೆ, ಕೈತುಂಬ. "ಅಂಗಿಗೆ ಹಚ್ಚಿದ್ರ ಮೈಗೆ ಹಚ್ಚಿದಂಗ ಆತೇನು?" ಎಂದು ಭಾವನವರನ್ನು ಕೇಳುತ್ತಿದ್ದಳು. ಅವರು ಮೊಳೆ ಬಿಚ್ಚುತ್ತಿದ್ದರು. ತಕ್ಕಡಿ, ಹೊಲಿಗೆ ಯಂತ್ರ, ಮಿಕ್ಸರು, ಎಲ್ಲದಕ್ಕೂ ಒಳಗೇ. ಹೋದ ವರ್ಷ ಫೋನೊಂದು ಉಳಿದಿತ್ತು, ಅದರ ಸರದಿ ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿತ್ತು.

ಈ ವರ್ಷ ನಮ್ಮದು ಸಾವಾದ ಮನೆ, ಹಬ್ಬ ಇಲ್ಲ. ಗಿರಣಿ ಅನ್ನ ಕೊಡುವುದು ಎಂದು ಅದಕ್ಕೊಂದು ಗೆರೆ ಎಳೆದು ಸುಮ್ಮನಾದರು, ಹೂವಿಲ್ಲ, ಕಾಯಿಲ್ಲ. ಬಟ್ಟಲಲ್ಲಿ ಕಲಸಿದ ಈಬತ್ತಿ ಉಳಿದಿತ್ತು. ನನಗೆ ಹುಲಿಗೆಮ್ಮನ ಕರೆಯ ಧ್ಯಾನ. ಅವಳು ಬೇಗ ಮಾಡಲಿ, ಈ ಫೋನು ಚೆನ್ನಾಗಿರಲಿ ಎಂದು ಉಗುರು ಹಾಕಿ ಮುಚ್ಚಳ ತೆಗೆದು, ಅಕ್ಕ ಮಾಡುತ್ತಿದ್ದ ಹಾಗೇ ಅಂಗಿಗಲ್ಲ, ಮೈಗೇ ಹಚ್ಚಿದೆ. ಬ್ಯಾಟರಿಯ ಮೇಲೆ ಮೂರು ಬೆರಳು, ಕೈತುಂಬ. ಅದು ಇಳಿದು ಒಂದನೇ ಸಿಮ್ಮಿನ ಬಾಯಿಗೆ ಹೋಗಿದೆ. ಅವಳ ಕರೆ ಬರಲಿ ಎಂದು ಮಾಡಿದ ಪೂಜೆಯಲ್ಲೇ ನಾನು ಅವಳ ದಾರಿ ಗಿಲಾವು ಮಾಡಿ ಮುಚ್ಚಿದ್ದೆ.

ನಾನು ಅಡುಗೆ ಮನೆಯ ನೆಲದಲ್ಲಿ ಕೂತು ನಕ್ಕೆ. ಬೇಸಿಗೆಯಿಂದ ನಕ್ಕಿರಲಿಲ್ಲ, ಅದಕ್ಕೇ ಇರಬೇಕು, ನಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಣ್ಣಲ್ಲಿ ಬಂತು. ಅಕ್ಕ ಇದ್ದಿದ್ದರೆ ಇದನ್ನು ಇಡೀ ಕಂಪ್ಲಿಗೆ ಹೇಳುತ್ತಿದ್ದಳು. ಚಿಗವ್ವನಿಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದಳು.

ಕೆರೆದು ತೆಗೆದ ಈಬತ್ತಿಯನ್ನು ಬಿಸಾಡುವಂತಿಲ್ಲ, ಕ್ಷೇತ್ರದಿಂದ ತಂದದ್ದು. ಹಣೆಗೆ ಹಚ್ಚಿಕೊಂಡೆ. ದೀಪದ ಹತ್ತಿಯ ಬತ್ತಿಯೊಂದನ್ನು ಹೊಸೆದು ಸಿಮ್ಮಿನ ಮನೆಯ ಮೂಲೆಮೂಲೆ ಒರೆಸಿದೆ. ಸಿಮ್ಮಿನ ಹಿತ್ತಾಳೆ ಬಣ್ಣದ ಮೈಯನ್ನು ಸೆರಗಿನ ಚುಂಗಿನಿಂದ ಉಜ್ಜಿ ಬಿಸಿಲಿಗೆ ಹಿಡಿದೆ. ಇಷ್ಟು ಸಣ್ಣದು, ಬೆರಳ ಉಗುರಿನಷ್ಟು, ಇದರಲ್ಲಿ ಅವಳಿಗೆ ಗೊತ್ತಿದ್ದವರೆಲ್ಲ ಇದ್ದಾರೆ. ತಿರುಗಿ ಕೂರಿಸಿ, ಬ್ಯಾಟರಿ ಹಾಕಿ, ಗುಂಡಿ ಒತ್ತಿದೆ. ಫೋನು ಹಾಡು ಹೇಳಿತು. ಬಲಗಡೆಯ ಏಣಿ ಎದ್ದಿತು. ನಾನು ಎಡಗಡೆ ನೋಡಲಿಲ್ಲ, ಒಲೆಯ ಕಡೆ ನೋಡಿದೆ. ಆಮೇಲೆ ಫೋನು ಕೈಯಲ್ಲಿ ನಡುಗತೊಡಗಿತು. ಬಂದು ತಿರುಗಿಹೋದ ಕರೆಗಳ ಸಂದೇಶಗಳು, ಒಂದರ ಹಿಂದೆ ಒಂದು. ಎಡಗಡೆ ಏಣಿ ಪೂರ್ತಿ ನಿಂತಿತ್ತು.

ಅದರಲ್ಲೊಂದು ಬಂಡ್ರಿಯದು. ಇನ್ನೊಂದು ಗುರುತಿಲ್ಲದ ನಂಬರು. ತಿರುಗಿ ಮಾಡಿದರೆ ಕುರೆಕುಪ್ಪದ ಪಕ್ಕದ ತೋರಣಗಲ್ಲಿನ ಚಹಾದಂಗಡಿ. ಫೋನು ಕೇಳುವವರು ದಿನಕ್ಕೆಷ್ಟೋ ಮಂದಿ, ಯಾರು ಮಾಡಿದರೋ ಗೊತ್ತಿಲ್ಲ ಎಂದರು. ಅವಳೇ ಇರಬೇಕು. ಮಾಡಿ, ಸಿಗದೆ, ಇನ್ನು ಬೇಡ ಎಂದು ಬಿಟ್ಟಳೋ ಏನೋ. ಆಮೇಲಿನ ದಿನಗಳಲ್ಲಿ ನಾನು ಫೋನನ್ನು ಗೂಡಿನಲ್ಲಿ ಇಡಲೇ ಇಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದೆ. ಸೀತಮ್ಮ ತಮ್ಮ ಅಕ್ಕಿಯ ಉಪಾಯ ಫಲಿಸಿತು ಎಂದು ಬೀದಿಯಲ್ಲಿ ಹೇಳಿಕೊಂಡು ಬಂದರು, ನಾನು ಅಲ್ಲ ಎನ್ನಲಿಲ್ಲ.

ಗಂಟೆ ಬಾರಿಸಿದ್ದು ನಾನು ಗಿರಣಿಗೆ ಚಹಾ ಒಯ್ದಾಗ. ನಮ್ಮ ಮನೆಯವರು ಮಾಲು ತರಲು ಹೋಗಿದ್ದರು, ಭಾವನವರೊಬ್ಬರೇ ಇದ್ದರು, ಯಂತ್ರ ಜೋಳ ಬೀಸುತ್ತಿತ್ತು. ಎತ್ತಿದೆ. ಆ ಕಡೆ ಮಾತು, ಈ ಕಡೆ ಯಂತ್ರದ ಸದ್ದು, ಏನೂ ತಿಳಿಯದು. ಹೊರಗೆ ಓಡಬಹುದಿತ್ತು. ಎಲ್ಲಿ ಕಡಿದುಹೋಗುತ್ತದೋ ಎಂದು ನಿಂತಲ್ಲೇ ಒಂದು ಕಿವಿ ಮುಚ್ಚಿಕೊಂಡು, ಭಾವನವರ ಕಡೆ ತಿರುಗಿ, ಯಂತ್ರ ನಿಲ್ಲಿಸಿ ಎಂದು ಕೈಯಾಡಿಸಿದೆ. ಕಾಳು ಬಾಯಲ್ಲಿರುವಾಗ ಅವರು ಯಂತ್ರ ನಿಲ್ಲಿಸುವವರಲ್ಲ, ಕಲ್ಲು ಹಿಡಿದುಕೊಳ್ಳುತ್ತದೆ. ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

ಸದ್ದು ಇಳಿಯಿತು. ಆ ನಿಶ್ಶಬ್ದದಲ್ಲಿ ನಾನು ಯಂತ್ರದ ಮೇಲೆ ಕೂಗುವ ದನಿಯಲ್ಲೇ ಕೇಳಿಬಿಟ್ಟೆ.

"ಹುಲಿಗೆಮ್ಮಾ, ನಮ್ಮಕ್ಕ ಗಾಡಿ ಕಲಿತ್ಲಾ?"

ಭಾವನವರು ಚಹಾದ ಲೋಟ ಹಿಡಿದವರು ಹಾಗೇ ನಿಂತರು. ಇನ್ನು ಮುಚ್ಚುವುದು ಏನೂ ಉಳಿದಿರಲಿಲ್ಲ. ಹುಲಿಗೆಮ್ಮ ಹೊಸ ಫೋನು ತಗೊಂಡಿದ್ದಳು, ಆತುರವಿಲ್ಲದೆ ಹೇಳಿದಳು. ಮೊದಲ ಎರಡು ತಿಂಗಳು ಅಕ್ಕ ಗಾಡಿಯ ಮೇಲೆ ಸುಮ್ಮನೆ ಕೂತು, ಇಳಿದು, ರೊಟ್ಟಿ ತಿಂದು ಹೋಗುತ್ತಿದ್ದಳಂತೆ. ಆಮೇಲೆ ನೂಕಿಸಿಕೊಂಡಳು. ಆಮೇಲೆ ಬಿದ್ದಳು. ಕಡೆಯ ಸಲ ಬಂದಾಗ ತಲೆಗೆ ಸೆರಗು ಬಿಗಿದುಕೊಂಡು, ಕೈ ಬಿಡು ಎಂದಳಂತೆ.

"ಬಿಟ್ಟೆ ನೋಡ್ರಿ. ಕಾಲಿವಿ ದಾರಿ ಹಿಡಿದು ಹೋದ್ರು. ಆ ಕಡೆ ತಿರುವಿನ್ಯಾಗ ತಿರುಗಿ ಬಂದ್ರು. ನಾನು ನಿಲ್ರಿ ನಿಲ್ರಿ ಅಂತ ರಸ್ತಾದಾಗ ನಿಂತೀನಿ, ನನ್ನ ಬಾಜೂಕೇ ಹಾದು ಮತ್ತ ಹೋಗೇ ಬಿಟ್ರು. ನಿಲ್ಸಾಕ ಬರಲಿಲ್ಲೋ, ನಿಲ್ಸಾಕ ಮನಸ್ಸಾಗಲಿಲ್ಲೋ, ಇವತ್ತಿಗೂ ನನಗ ತಿಳಿದಿಲ್ರಿ."

ನಾನು ಫೋನು ಇಟ್ಟೆ. ಭಾವನವರು ತಕ್ಕಡಿಯ ತಟ್ಟೆಯ ಹಿಟ್ಟನ್ನು ಅಂಗೈಯಲ್ಲಿ ಒರೆಸುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು, ಅವರಿಗೆ ಅಲ್ಲ, ಜೋಳದ ಚೀಲಕ್ಕೆ ಹೇಳುವ ಹಾಗೆ ಎಲ್ಲ ಹೇಳಿದೆ. ಬಸ್ಸು, ಡ್ಯಾಮು, ಮೊಣಕಾಲು, ಕಾಲುವೆಯ ದಾರಿ. ಬೈಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಹೊರಗೆ ಹೋಗುತ್ತಾರೆ. ಅವರು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. ಆಮೇಲೆ ನನ್ನನ್ನೇ ನೇರ ನೋಡಿ ಕೇಳಿದರು.

"ಗಾಡಿ ಯಾವ ಬಣ್ಣದ್ದು?"

ನಾನು ಕೇಳಿರಲಿಲ್ಲ. ಹಾಗೆಂದೆ. ಅವರು ತಲೆಯಾಡಿಸಿದರು, ಆದರೆ ಯಂತ್ರದ ಕಡೆ ಹೋಗಲಿಲ್ಲ. ಬಾಗಿಲಲ್ಲಿ ಹಿಟ್ಟಿಗೆ ಬಂದವರೊಬ್ಬರು ಕರೆಂಟು ಹೋಯಿತೇನ್ರಿ ಎಂದು ಇಣುಕಿದರು. ಒಳಗೆ ನೋಡಿ ಕಟ್ಟೆಯ ಮೇಲೆ ಕೂತರು. ನಾನು ಆ ನಂಬರನ್ನು ತಿರುಗಿ ಒತ್ತಿ, ರಿಂಗಾಗುತ್ತಿರುವಾಗಲೇ ಫೋನನ್ನು ತಕ್ಕಡಿಯ ಮೇಲೆ, ಅವರ ಮುಂದೆ ಇಟ್ಟೆ. ಹಿಟ್ಟಿನ ಕೈಯಲ್ಲೇ ಎತ್ತಿಕೊಂಡರು.

"ನಾನವಾ. ಆಕಿ ಮನಿಯವ್ರು" ಎಂದರು. ಆಮೇಲೆ ಬಣ್ಣ ಕೇಳಿದರು.

ಆ ಕಡೆಯಿಂದ ಹುಲಿಗೆಮ್ಮ ಹೇಳತೊಡಗಿದಳು. ಒಂದು ಬಣ್ಣ ಹೇಳಲು ಎಷ್ಟು ಹೊತ್ತು ಬೇಕು? ಚಹಾ ಆರಿತು. ಕಟ್ಟೆಯ ಮೇಲೆ ಇನ್ನಿಬ್ಬರು ಬಂದು ಕೂತರು. ಭಾವನವರು ಹೂಂ, ಹೂಂ ಎನ್ನುತ್ತಾ ಮೆಲ್ಲಗೆ ಜೋಳದ ಚೀಲದ ಮೇಲೆ ಕೂತರು. ಫೋನನ್ನು ಕಿವಿಯಿಂದ ತೆಗೆಯಲಿಲ್ಲ.